ಕೆಂಪು ಟಾರ್ಚಿಗೆ ತೆರೆದ ಬಾಗಿಲು

ಜನವರಿ 11

ಅಕ್ಕಾ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬೈಯಬೇಡ, ಕಾರಣವಿದೆ. ಆರು ವರ್ಷ ವೀಕ್ಷಣಾಲಯದ ಗುಮ್ಮಟ ತಿರುಗಿಸುವ ಹಗ್ಗ ಎಳೆದೂ ಎಳೆದೂ ನನ್ನ ಅಂಗೈ ಚಪ್ಪಲಿ ಚರ್ಮವಾಗಿತ್ತಲ್ಲ, ಈಗ ಆ ಹಗ್ಗ ಬೇರೆಯವನ ಕೈಗೆ ಹೋಗಿದೆ. ದೊಡ್ಡ ದುರ್ಬೀನಿನ ಪಕ್ಕ ನಿಂತು ಜನಕ್ಕೆ ಆಕಾಶ ತೋರಿಸುವವನು ಈಗ ನಾನೇ! ಮಾರ್ಚಿಗೆ ಕೆಲಸ ಕಾಯಂ ಮಾಡುತ್ತೇನೆ ಅಂದಿದ್ದಾರೆ ವೀಕ್ಷಣಾಲಯದ ಸಾಹೇಬರು.

ನೀನೊಮ್ಮೆ ಬರಬೇಕು. ಈ ಗುಡ್ಡದ ಬುಡದ ಕೇರಿಯಲ್ಲೇ ಹುಟ್ಟಿ ಬೆಳೆದೆ, ಒಂದು ದಿನವಾದರೂ ಮೇಲೆ ಹತ್ತಿ ನೋಡಿದೆಯಾ? ಗಿರಣಿಗೆ ಎರಡು ದಿನ ರಜೆ ಹಾಕಿ ಭಾವನನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ತಿಂಗಳ ಮೊದಲ ಶನಿವಾರ, ಸಂಜೆ ಏಳರಿಂದ ಒಂಬತ್ತರ ತನಕ ಸಾರ್ವಜನಿಕರಿಗೆ ಬಿಡುತ್ತೇವೆ. ಮೊನ್ನೆ ಒಬ್ಬ ಅಜ್ಜ ಶನಿಗ್ರಹ ನೋಡಿ, "ಓಹೋ, ನಲವತ್ತು ವರ್ಷದಿಂದ ನನ್ನ ಹೆಗಲ ಮೇಲೆ ಕೂತಿರೋನು ಇವನೇನಾ? ನೋಡೋಕೆ ಚೆನ್ನಾಗೇ ಇದಾನೆ" ಅಂದ. ಸಾಲಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು.

ಏಳಕ್ಕೆ ಸರಿಯಾಗಿ ನಾನೇ ಕಂಬದ ಹತ್ತಿರ ಹೋಗಿ ಕೇರಿಯ ಫ್ಯೂಸು ಕೀಳುತ್ತೇನೆ. ಮುನ್ನೂರು ಮನೆ ಒಂದೇ ಏಟಿಗೆ ಕತ್ತಲು. ಆಗ ಆಕಾಶ ಒಮ್ಮೆಗೇ ತಲೆಯ ಮೇಲೆ ಇಳಿದಂತಾಗುತ್ತದೆ, ಬಂದವರು ಚಪ್ಪಾಳೆ ತಟ್ಟುತ್ತಾರೆ. ಮೊದಮೊದಲು ಆ ಚಪ್ಪಾಳೆ ಕೇಳಿದಾಗ ಕೆಳಗೆ ನಮ್ಮ ಮನೆಯ ಕಡೆ ನೋಡುತ್ತಿದ್ದೆ. ಈಗ ಇಲ್ಲ. ಆಮೇಲೆ ಟಾರ್ಚು ಹಿಡಿದು ಇಳಿದು, ಯಾರ ಮನೆಯಲ್ಲಾದರೂ ದೀಪ ಇದೆಯಾ ಅಂತ ನೋಡಿ ಬರುವುದೂ ಇಷ್ಟು ದಿನ ನನ್ನದೇ ಕೆಲಸವಾಗಿತ್ತು. ಬಿಳಿ ಬೆಳಕು ಬಿದ್ದರೆ ಕತ್ತಲಿಗೆ ಪಳಗಿದ ಕಣ್ಣು ಕೆಡುತ್ತದೆ ಅಂತ ಟಾರ್ಚಿನ ಗಾಜಿಗೆ ಕೆಂಪು ಕಾಗದ ಅಂಟಿಸಿರುತ್ತೇವೆ. ಆ ಕೆಂಪು ಕಂಡರೆ ಸಾಕು, ಕೇಳದೆಯೇ ಬಾಗಿಲು ತೆಗೆಯುತ್ತಾರೆ. ಅಮ್ಮ ಅಂತೂ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಟೀ ಲೋಟ ಹಿಡಿದುಕೊಂಡೇ ತೆಗೆಯುತ್ತಾಳೆ.

ಒಂದು ಮಾತು. ನಿನ್ನ ಕಾಗದಗಳನ್ನು ಟೇಲರ್ ಮಾವ ಅಮ್ಮನಿಗೆ ಓದಿ ಹೇಳುತ್ತಾನಲ್ಲ, ಕೇಳುವುದಕ್ಕೆ ಅರ್ಧ ಕೇರಿಯೇ ಅವನ ಅಂಗಡಿ ಮುಂದೆ ಸೇರುತ್ತಿದೆಯಂತೆ. ಏನು ಬರೆಯುತ್ತಿದ್ದೀಯ? ನನ್ನ ಕೆಲಸ ಕಾಯಂ ಆಗುವ ತನಕ ಸ್ವಲ್ಪ ಸುಮ್ಮನಿರು.

ನಿನ್ನ ತಮ್ಮ

 

ಜನವರಿ 19

ತಮ್ಮಾ,

ನಿನ್ನ ಅಂಗೈ ಮೆತ್ತಗಾಗುತ್ತದೆ ಅಂತ ಕೇಳಿ ಸಂತೋಷ. ಬೆನ್ನುಮೂಳೆ ಆಗಲೇ ಮೆತ್ತಗಾಗಿದೆ.

ಮೇಲೆ ಹತ್ತಿ ನೋಡಿದೆಯಾ ಅಂತ ಕೇಳಿದ್ದೀಯ. ಹತ್ತಿದ್ದೆ, ಗೇಟಿನ ತನಕ. ನನಗೆ ಹನ್ನೆರಡು, ನಿನಗೆ ನಾಲ್ಕು. ಪಕ್ಕದ ಮನೆ ಅತ್ತೆಗೆ ಹೆರಿಗೆ ನೋವು ಬಂದಿತ್ತು, ಮಗು ಅಡ್ಡ ತಿರುಗಿತ್ತು, ನಿಮ್ಮ ವೀಕ್ಷಣಾಲಯದವರು ಫ್ಯೂಸು ಕಿತ್ತಿದ್ದರು. "ಓಡು, ಹತ್ತು ನಿಮಿಷ ಕರೆಂಟು ಕೊಡಿ ಅಂತ ಕೇಳು" ಅಂತ ಅಮ್ಮ ಓಡಿಸಿದಳು. ಗೇಟಿನವನು ನನ್ನ ಜಡೆ ಹಿಡಿದು ಹಣೆಯನ್ನು ಕಂಬಿಗೆ ಚಚ್ಚಿದ. ಒಂದು ಸಲ ಅಲ್ಲ, ಮೂರು ಸಲ. ನಾನು ವಾಪಸು ಬರುವಷ್ಟರಲ್ಲಿ ಸೂಲಗಿತ್ತಿಯ ಮೊಣಕೈ ತನಕ ರಕ್ತ. ಮಗು ಕತ್ತಲಲ್ಲಿ ಹುಟ್ಟಿ ಕತ್ತಲಲ್ಲೇ ಹೋಯಿತು. ನನ್ನ ಹಣೆಯ ಗೀರು ಬಾವಿಕಟ್ಟೆಗೆ ಬಿದ್ದದ್ದು ಅಂತ ನಿನಗೆ ಹೇಳಿದ್ದೆವು. ಅದು ಬಾವಿಕಟ್ಟೆ ಅಲ್ಲ ಕಣೋ, ನಿನ್ನ ಗೇಟು.

ಇನ್ನೂ ಒಂದು ವಿಷಯ ನಿನ್ನ ಕಾಗದದಲ್ಲಿ ಹುಡುಕಿದೆ, ಸಿಗಲಿಲ್ಲ. ಆಕಾಶ ನೋಡುವುದಕ್ಕೆ ಬರುವ ದೊಡ್ಡವರು ತಂಗುವುದಕ್ಕೆ ಗುಡ್ಡದ ಬುಡದಲ್ಲಿ ವಸತಿಗೃಹ ಕಟ್ಟುತ್ತಾರಂತೆ, ಅದಕ್ಕೆ ಕೇರಿ ಎತ್ತಬೇಕಂತೆ. ಮುನ್ನೂರು ಮನೆಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲವಾ? ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡಬೇಡ. ಯಾವ ಕಡೆ ನಿಂತಿದ್ದೀಯ, ಹೇಳು.

ನಾನು ಏನು ಬರೆಯುತ್ತಿದ್ದೇನೆ ಗೊತ್ತಾ? ಫೆಬ್ರವರಿ ನಾಲ್ಕು, ಮೊದಲ ಶನಿವಾರದ ಸಂಜೆ ಮನೆಗೊಂದು ಕಂದೀಲು ಹಚ್ಚಿ ಹೊಸ್ತಿಲಲ್ಲಿ ಇಡಿ ಅಂತ ಬರೆದಿದ್ದೇನೆ. ಫ್ಯೂಸು ಅವರದು, ಸೀಮೆಎಣ್ಣೆ ನಮ್ಮದು. ಕಿತ್ತುಕೋ ಹೋಗು.

ಅಕ್ಕ

 

ಫೆಬ್ರವರಿ 1

ಅಕ್ಕಾ,

ನಿನಗೆ ಬರೆಯುವುದು ಸುಲಭ. ಅಷ್ಟು ದೂರದಲ್ಲಿ ಕೂತು ಕಡ್ಡಿ ಗೀರುತ್ತೀಯ, ಸುಡುವುದು ಇಲ್ಲಿ. ಹಣೆಯ ವಿಷಯ ನನಗೆ ಗೊತ್ತಿರಲಿಲ್ಲ. ಆ ಗೇಟಿನವನು ಸತ್ತು ಎಷ್ಟೋ ವರ್ಷವಾಯಿತು. ಈಗಿನ ಕಾವಲಿನ ಮುಖ್ಯಸ್ಥ ಬೇರೆ, 'ಮೀಸೆ' ಅಂತ ಎಲ್ಲರೂ ಕರೆಯುತ್ತೇವೆ, ಒರಟು ಮನುಷ್ಯ, ಆದರೆ ನನ್ನ ಹತ್ತಿರ ಚೆನ್ನಾಗಿದ್ದಾನೆ.

ಸಾಹೇಬರ ಜೊತೆ ಮಾತಾಡಿದ್ದೇನೆ. ಶನಿವಾರ ಏನೂ ಆಗುವುದಿಲ್ಲ. ನಾಲ್ಕು ಜನ ಹೆಚ್ಚಿಗೆ ಇಳಿದು, ದೀಪ ಆರಿಸಿ ಅಂತ ಬಾಯಿಮಾತಲ್ಲಿ ಹೇಳಿ ಬರುತ್ತಾರೆ, ಅಷ್ಟೇ. ಅಮ್ಮನ ಮನೆಯ ಕಡೆ ಯಾರೂ ತಲೆ ಹಾಕಬಾರದು ಅಂತ ಕೇಳಿಕೊಂಡಿದ್ದೇನೆ. ಮಾತು ಕೊಟ್ಟಿದ್ದಾರೆ.

ಮಕ್ಕಳಿಗೆ ಶನಿಯ ಚಿತ್ರ ಕಳಿಸುತ್ತಿದ್ದೇನೆ. ನಾನೇ ಬರೆದದ್ದು.

ತಮ್ಮ

 

ಫೆಬ್ರವರಿ 6

ಅಕ್ಕಾ,

ಅಮ್ಮ ನಿನ್ನ ಹತ್ತಿರ ಬಂದಿದ್ದಾಳೆ ಅಂತ ಲಾರಿ ಡ್ರೈವರ್ ಹೇಳಿದ. ನಾನು ಭಾನುವಾರ ಬೆಳಿಗ್ಗೆ ಇಳಿದು ಹೋಗುವಷ್ಟರಲ್ಲಿ ಅವಳನ್ನು ಜಲ್ಲಿ ಲಾರಿಯಲ್ಲಿ ಮಲಗಿಸಿ ಕಳಿಸಿಬಿಟ್ಟಿದ್ದರು. ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಕತ್ತಲಲ್ಲಿ ಎಡವಿ ಬಿದ್ದಿರಬೇಕು. ಶನಿವಾರ ಕೇರಿಯಲ್ಲಿ ಸ್ವಲ್ಪ ತಳ್ಳಾಟ ಆಯಿತಂತೆ. ನನಗೆ ಸರಿಯಾಗಿ ಗೊತ್ತಿಲ್ಲ, ಎಪ್ಪತ್ತು ಜನ ಸಾಲಲ್ಲಿದ್ದರು, ದುರ್ಬೀನು ಬಿಟ್ಟು ಅಲುಗಾಡುವಂತಿರಲಿಲ್ಲ. ಮೋಡವಿರಲಿಲ್ಲ. ಉಂಗುರ ಚೆನ್ನಾಗಿ ಕಂಡಿತು.

ಅಮ್ಮ ಏನಾದರೂ ಹೇಳಿದಳಾ? ನನ್ನ ಬಗ್ಗೆ ಏನಾದರೂ ಕೇಳಿದಳಾ? ಕೂಡಲೇ ಬರಿ.

ತಮ್ಮ

 

ಫೆಬ್ರವರಿ 10

ತಮ್ಮಾ,

ಕೂತು ಓದು. ನಿನ್ನಿಂದ ಮುಚ್ಚಿಟ್ಟಿದ್ದಾರೆ ಅವರು.

ಅಮ್ಮ ಎಡವಿ ಬೀಳಲಿಲ್ಲ. ಆರೂವರೆಗೇ ಫ್ಯೂಸು ಹೋಯಿತಂತೆ, ಅರ್ಧ ಗಂಟೆ ಮೊದಲೇ, ಕಂದೀಲಿಗೆ ಇನ್ನೂ ಎಣ್ಣೆ ಹಾಕುತ್ತಿದ್ದರಂತೆ. ಕತ್ತಲು ಕವಿಯುತ್ತಿದ್ದ ಹಾಗೇ ಕೆಂಪು ಟಾರ್ಚುಗಳು ಸಾಲಾಗಿ ಇಳಿದು ಬಂದವು. ಕೆಂಪು ಟಾರ್ಚು ಅಂದರೆ ವೀಕ್ಷಣಾಲಯದವರು, ನೋಡಿ ಹೋಗುವವರು ಅಂತ ಎಲ್ಲರೂ ಬಾಗಿಲು ತೆಗೆದರು. ತೆಗೆದ ಬಾಗಿಲಿನಲ್ಲೇ ದೊಣ್ಣೆ ಬಿತ್ತು. ಒಂದು ಬಾಗಿಲನ್ನೂ ಅವರು ಒಡೆಯಬೇಕಾಗಲಿಲ್ಲ, ಕೇಳಿಸಿಕೊಂಡೆಯಾ, ಒಂದನ್ನೂ. ಮೊದಲು ಗಂಡಸರ ಮೊಣಕಾಲು. ಆಮೇಲೆ ಕಂದೀಲು ಒಡೆದು ಹಾಸಿಗೆಯ ಮೇಲೆ ಎಣ್ಣೆ ಸುರಿದರು. ಹನ್ನೊಂದು ಮನೆ ಸುಟ್ಟಿದೆ.

ಅಮ್ಮ ಏನೆಂದುಕೊಂಡಳು ಗೊತ್ತಾ? "ಮಗ ಬಂದ ಅಂದ್ಕೊಂಡೆ" ಅಂದಳು. ಟೀ ಲೋಟ ಹಿಡಿದುಕೊಂಡೇ ಬಾಗಿಲು ತೆಗೆದಳಂತೆ.

ದೊಣ್ಣೆಯ ಏಟಿಗೆ ಲೋಟ ಅವಳ ಮುಖಕ್ಕೇ ಬಡಿಯಿತು, ಮುಂದಿನ ಎರಡು ಹಲ್ಲು ಹೋದವು. ಆದರೆ ಅವಳು ನಮ್ಮಮ್ಮ. ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಎತ್ತಿ ಮುಂದಿದ್ದವನ ಕಿವಿಯ ಕೆಳಗೆ ಒತ್ತಿದಳು. "ಚರ್ಮ ಚುರ್ ಅಂತು, ಬಿಡಲಿಲ್ಲ ನಾನು" ಅನ್ನುತ್ತಾಳೆ. ಅದಕ್ಕೆ ಅವಳ ಎರಡು ಕೈಯನ್ನೂ ಇಸ್ತ್ರಿ ಮೇಜಿನ ಮೇಲೆ ಚಾಚಿ ಹಿಡಿದು, ಅವಳದೇ ಬಾಗಿಲ ಅಗುಳಿ ತೆಗೆದುಕೊಂಡು ಮಣಿಕಟ್ಟು ಮುರಿದರು. ಬಲಗೈಯ ಮೂಳೆ ಹೊರಗೆ ಬಂದಿತ್ತು. ಜಲ್ಲಿಯ ಮೇಲೆ ಒಂಬತ್ತು ಗಂಟೆ ಪ್ರಯಾಣ. ನೀನು ಉಂಗುರ ಚೆನ್ನಾಗಿ ಕಂಡಿತು ಅಂತ ಬರೆದಿದ್ದೀಯ. ಪಾಪ, ನಿನಗೇನು ಗೊತ್ತು.

ಟೇಲರ್ ಮಾವ ಸತ್ತ. ಕೇರಿಗೆ ಹೊಸಬರಾದ ಅವರಿಗೆ ಅವನ ಅಂಗಡಿ ಮಾತ್ರ ನೆಟ್ಟಗೆ ಸಿಕ್ಕಿತು. "ಕಾಗದ ಓದೋನು ನೀನೇನಾ? ಓದು ಈಗ" ಅಂತ ನನ್ನ ಕಾಗದಗಳನ್ನೆಲ್ಲ ಉಂಡೆ ಕಟ್ಟಿ ಅವನ ಬಾಯಿಗೆ ತುರುಕಿ, ತಲೆಯನ್ನು ಹೊಲಿಗೆ ಯಂತ್ರಕ್ಕೆ ಗುದ್ದಿದರು. ಮೂರು ದಿನ ಗೊರಗೊರ ಅಂದು ಹೋದ. ಬಾಯಿಂದ ನನ್ನ ಅಕ್ಷರ ತೆಗೆದರಂತೆ. ನನಗೆ ಊಟ ಸೇರುತ್ತಿಲ್ಲ.

ಟಾರ್ಚು ನಿಮ್ಮ ಉಗ್ರಾಣದ್ದು. ಸಾಹೇಬನೇ ಕೊಡಿಸಿದ್ದಾನೆ, ಇನ್ನಾರು? ನೀನು ಒಳಗಿದ್ದೀಯ, ಅದು ನಮ್ಮ ಪುಣ್ಯ. ಕಿವಿಯ ಕೆಳಗೆ ಸುಟ್ಟ ಗಾಯ ಇರುವವನನ್ನು ಹುಡುಕು. ಇಸ್ತ್ರಿ ಪೆಟ್ಟಿಗೆಯ ಮೂತಿ ಹೇಗಿರುತ್ತದೆ ನಿನಗೆ ಗೊತ್ತು, ಅದರ ಪಕ್ಕದಲ್ಲೇ ಆಡಿ ಬೆಳೆದವನು.

ಹಿಂದೆ ಬರೆದ ಒರಟು ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಕ್ಕ

 

ಫೆಬ್ರವರಿ 21

ಅಕ್ಕಾ,

ನಿನ್ನ ಕಾಗದ ಓದಿದೆ. ಟೇಲರ್ ಮಾವನ ಮಣ್ಣಿಗೆ ಹೋಗಿದ್ದೆ. ದೂರ ನಿಂತೆ.

ಪೊಲೀಸರು ಬಂದು ಹೋದರು. ಉಗ್ರಾಣದ ಬೀಗ ಒಡೆದು ಯಾರೋ ಟಾರ್ಚು ಕದ್ದಿದ್ದಾರೆ ಅಂತ ಸಾಹೇಬರು ಹೇಳಿಕೆ ಕೊಟ್ಟಿದ್ದಾರೆ. ಮಾರ್ಚ್ ಹದಿನಾಲ್ಕಕ್ಕೆ ವಿಚಾರಣೆ, ನನ್ನನ್ನೂ ಕರೆದಿದ್ದಾರೆ. ಬೀಗ ಒಡೆದದ್ದು ನಾನು ನೋಡಿದೆ ಅಂತ ಹೇಳಬೇಕಂತೆ. ಸುಟ್ಟ ಗಾಯದವನು ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ಈಗ ಚಳಿ, ಎಲ್ಲರೂ ಮಫ್ಲರ್ ಸುತ್ತಿಕೊಂಡಿರುತ್ತಾರೆ.

ಹೋದವನು ವಾಪಸು ಬರುವುದಿಲ್ಲ ಅಕ್ಕ. ಅಮ್ಮ ಇನ್ನು ಅಲ್ಲೇ ಇರಲಿ. ನನ್ನ ಕೆಲಸದ ಆದೇಶ ಒಂದು ತಿಂಗಳು ಮೊದಲೇ ಬಂತು. ಕಾಯಂ. ಅಮ್ಮನಿಗೆ ಹೇಳು, ಅಥವಾ ಬೇಡ, ಹೇಳಬೇಡ.

ತಮ್ಮ

 

ಮಾರ್ಚ್ 3

ಇನ್ನು ತಮ್ಮಾ ಅಂತ ಬರೆಯಲು ಕೈ ಬರುತ್ತಿಲ್ಲ.

ನಮ್ಮ ಗಿರಣಿಯ ಶಾಲೆಯ ಮೇಷ್ಟ್ರು ನಿನ್ನೆ ನಮ್ಮ ಕಾರ್ಮಿಕರ ಸಂಘದ ಕಚೇರಿಗೆ ಬಂದಿದ್ದರು. ಆ ಸಂಜೆ ಹೆಂಡತಿ ಮಕ್ಕಳ ಜೊತೆ ನಿನ್ನ ಸಾಲಲ್ಲಿ ನಿಂತಿದ್ದವರಂತೆ. ಕೆಳಗಿನಿಂದ ಕೂಗು ಕೇಳಿ ಅವರ ಮಗಳು "ಅದೇನು ಅಣ್ಣಾ ಸದ್ದು?" ಅಂತ ಕೇಳಿದಳಂತೆ. ದುರ್ಬೀನಿನ ಹತ್ತಿರ ನಿಂತಿದ್ದ ಹುಡುಗ ನಗುತ್ತಾ ಹೇಳಿದನಂತೆ: "ಕೆಳಗಡೆ ಕುಡಿದು ಹೊಡೆದಾಡ್ತಾರೆ ಪುಟ್ಟಾ, ದಿನಾ ಇದ್ದಿದ್ದೇ. ನೀನು ಉಂಗುರ ನೋಡು."

"ಎಷ್ಟು ಒಳ್ಳೆ ಹುಡುಗ, ಎಷ್ಟು ಚೆನ್ನಾಗಿ ವಿವರಿಸಿದ" ಅಂದರು ಮೇಷ್ಟ್ರು. ಅವರಿಗೆ ನಾನು ನಿನ್ನ ಅಕ್ಕ ಅಂತ ಗೊತ್ತಿಲ್ಲ.

ಕೇಳಿಸಿತ್ತು ನಿನಗೆ. ಅಮ್ಮನ ಮೂಳೆ ಮುರಿಯುವಾಗ ನೀನು ನಗುತ್ತಿದ್ದೆ. ಆ ಫ್ಯೂಸು ಕೀಳುವ ಕೈ ನಿನ್ನೊಬ್ಬನದೇ ಅಂತ ನೀನೇ ಬರೆದಿದ್ದೆ, ಹಾಗಾದರೆ ಆರೂವರೆಗೆ ಕಿತ್ತವನು ಯಾರು? ಕೇರಿಯಲ್ಲಿ ಎಂದೂ ಕಾಲಿಡದವರಿಗೆ ಟೇಲರ್ ಅಂಗಡಿಯ ದಾರಿ ತೋರಿಸಿದವನು ಯಾರು? ನಿನಗೆ ಅಯ್ಯೋ ಪಾಪ ಅಂದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕಬೇಕು.

ನಿನ್ನ ನಾಲಿಗೆ ಎಳೆದು ಆ ಕಂಬಕ್ಕೇ ಮೊಳೆ ಹೊಡೆಯಬೇಕು ಅನ್ನಿಸುತ್ತದೆ. ಸುಮ್ಮನೆ ಬರೆಯುತ್ತಿಲ್ಲ, ಹಾಗೇ ಅನ್ನಿಸುತ್ತದೆ. ಆದರೆ ಆ ನಾಲಿಗೆಯಿಂದ ಒಂದು ಕೆಲಸವಿದೆ. ಕೇರಿಯವರ ಮಾತನ್ನು ಆ ವಿಚಾರಣೆಯ ಅಧಿಕಾರಿ ಕಿವಿಗೆ ಹಾಕಿಕೊಳ್ಳುವುದಿಲ್ಲ, "ಕತ್ತಲಲ್ಲಿ ಮುಖ ಹೇಗ್ರೀ ಕಾಣ್ತು?" ಅಂತ ನಗುತ್ತಾನಂತೆ. ಟಾರ್ಚು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಬಲ್ಲವನು ನೀನೊಬ್ಬನೇ. ಹದಿನಾಲ್ಕಕ್ಕೆ ಹೋಗಿ ಹೇಳು. ಹೇಳದಿದ್ದರೆ ಟೇಲರ್ ಮಾವನ ಸಾವು ಕಡತದಲ್ಲಿ ಕಳ್ಳತನವಾಗಿ ಮುಚ್ಚಿಹೋಗುತ್ತದೆ, ಏಪ್ರಿಲಿಗೆ ಕೇರಿ ಇರುವುದಿಲ್ಲ, ನನಗೆ ತಮ್ಮ ಇರುವುದಿಲ್ಲ.

ಅಮ್ಮನಿಗೆ ಮೇಷ್ಟ್ರ ಮಾತು ಹೇಳಿಲ್ಲ. ಅವಳು ಬಾಗಿಲ ಕಡೆ ನೋಡುತ್ತಾ ಮಲಗಿರುತ್ತಾಳೆ.

 

ಮಾರ್ಚ್ 17

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು. ಲಾಕಪ್ಪಿನಲ್ಲಿದ್ದೇನೆ.

ಮೊದಲು ನೀನು ಕೇಳಿದ್ದು. ಆರೂವರೆಗೆ ಫ್ಯೂಸು ಕಿತ್ತವನು ನಾನು. ಸಾಹೇಬರು ಹೇಳಿದರು, ಕಿತ್ತೆ. ಉಗ್ರಾಣದ ಬೀಗ ತೆಗೆದು ಹನ್ನೆರಡು ಟಾರ್ಚುಗಳಿಗೆ ಹೊಸ ಕೆಂಪು ಕಾಗದ ಅಂಟಿಸಿ ಮೀಸೆಯ ಕೈಗೆ ಕೊಟ್ಟವನು ನಾನು. ನಾಲ್ಕು ಜನ ಅಂದಿದ್ದರು, ಹನ್ನೆರಡು ಯಾಕೆ ಅಂತ ಕೇಳಲಿಲ್ಲ. ಬಂದಿದ್ದ ಹೊರಗಿನವರ ಕೈಯಲ್ಲಿ ದೊಣ್ಣೆ ಇತ್ತು, ನಾಯಿಗೆ ಅಂದರು, ನಂಬಿದೆ. ಇಲ್ಲ, ನಂಬಲಿಲ್ಲ. ನಂಬಿದವನಂತೆ ನಿಂತೆ.

ಇನ್ನೊಂದು ಇದೆ. ಜನವರಿಯಲ್ಲಿ ಸಾಹೇಬರು ತಮ್ಮ ಎದುರು ಕುರ್ಚಿ ಕೊಟ್ಟು ಕೂರಿಸಿ, "ಕೇರಿಯಲ್ಲಿ ಇದಕ್ಕೆಲ್ಲ ತಲೆ ಯಾರಪ್ಪಾ?" ಅಂತ ಕೇಳಿದರು. ಆರು ವರ್ಷದಲ್ಲಿ ಮೊದಲ ಸಲ ಕುರ್ಚಿ. ಅಮ್ಮನ ಹೆಸರು ಬರುತ್ತದೆ ಅಂತ ಹೆದರಿ, "ಟೇಲರ್ ಕಾಗದ ಓದ್ತಾನೆ ಸಾರ್, ಅವನ ಅಂಗಡಿಯಲ್ಲೇ ಎಲ್ಲ ಸೇರೋದು" ಅಂದೆ. ಅಮ್ಮನನ್ನು ಉಳಿಸಿದೆ ಅಂದುಕೊಂಡೆ. ಅದೇ ಮಾವ ನನಗೆ ಮೊದಲ ಉದ್ದ ಚಡ್ಡಿ ಹೊಲಿದು ಕೊಟ್ಟವನು.

ಮೇಷ್ಟ್ರು ಹೇಳಿದ್ದು ನಿಜ. ಅವರಿಗೆ ಗೊತ್ತಿಲ್ಲದ್ದು ಇಷ್ಟು. ಆ ಗಲಾಟೆಯಲ್ಲಿ ಒಂದು ಕೂಗು "ಮಗಾ" ಅಂತ ಇತ್ತು. ಸಾವಿರ ಕೂಗಿನ ನಡುವೆಯೂ ಅಮ್ಮನದು ಗೊತ್ತಾಗುವುದಿಲ್ಲವಾ? ಗೊತ್ತಾಯಿತು. ಕೈ ದುರ್ಬೀನಿನ ಮೇಲೆಯೇ ಇತ್ತು. ಆಮೇಲೆ ಇನ್ನೂ ಇಪ್ಪತ್ತಾರು ಜನಕ್ಕೆ ಉಂಗುರ ತೋರಿಸಿದೆ.

ಹದಿನಾಲ್ಕರ ಬೆಳಿಗ್ಗೆ ಹೋಗುವಾಗಲೂ ಬೀಗ ಒಡೆದ ಕಥೆಯನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಿನ್ನ ಕಾಗದ ಜೇಬಿನಲ್ಲಿತ್ತು, ಆದರೂ. ಕೋಣೆಯಲ್ಲಿ ಅಧಿಕಾರಿ, ಗುಮಾಸ್ತ, ಸಾಹೇಬರು, ಅವರ ಹಿಂದೆ ಮಫ್ಲರ್ ಸುತ್ತಿಕೊಂಡ ಮೀಸೆ. ಕಿಟಕಿಯ ಹೊರಗೆ ಕೇರಿಯ ಜನ. ಟೇಲರ್ ಮಾವನ ಹೆಂಡತಿ ಕಂಬಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ, "ಏನಪ್ಪಾ, ಚೆನ್ನಾಗಿದ್ದೀಯಾ? ಊಟ ಆಯ್ತಾ?" ಅಂದಳು. ಬೈದಿದ್ದರೆ ಬೀಗದ ಕಥೆ ಹೇಳಿಬಿಡುತ್ತಿದ್ದೆ ಅಕ್ಕ.

"ಟಾರ್ಚು ಕೊಟ್ಟೋನು ನಾನೇ, ತಗೊಂಡೋನು ಇವನು" ಅಂತ ಮೀಸೆಯ ಕಡೆ ಕೈ ತೋರಿಸಿದೆ. ಗುಮಾಸ್ತನ ಪೆನ್ನು ನಿಂತಿತು. ಅಧಿಕಾರಿ, "ಯೋಚನೆ ಮಾಡಿ ಹೇಳಪ್ಪಾ, ನಿನ್ನೆ ಮೊನ್ನೆ ಕಾಯಂ ಆದವನು" ಅಂದರು. "ಬರ್ಕೊಳ್ಳಿ ಸಾರ್" ಅಂದೆ. ಬರೆಯಲಿಲ್ಲ. ಮತ್ತೆ ಅಂದೆ. "ಸಾಕ್ಷಿ ಏನಿದೆ?" ಅಂದರು.

ಮೇಜು ಹಾರಿ ಮೀಸೆಯ ಮಫ್ಲರ್ ಹಿಡಿದು ಎಳೆದೆ. ಮಾಯದ ಗಾಯದ ಕೀವಿಗೆ ಅಂಟಿಕೊಂಡಿತ್ತು, ಚರ್ಮದ ಸಮೇತ ಬಂತು. ಅವನು ಹಂದಿಯ ಹಾಗೆ ಕಿರುಚಿದ. ಕಿವಿಯಿಂದ ಕೊರಳಿನ ತನಕ ಇಸ್ತ್ರಿ ಪೆಟ್ಟಿಗೆಯ ಮೂತಿ, ಅಳೆದು ಕೊಯ್ದ ಹಾಗೆ. ಕಿಟಕಿಯಲ್ಲಿದ್ದವರೆಲ್ಲ ಕಂಡರು. ಕಾವಲಿನ ನಾಲ್ವರು ನನ್ನನ್ನು ನೆಲಕ್ಕೆ ಹಾಕಿಕೊಂಡು ತುಳಿದರು. ಬಲಗೈ ಬೆರಳುಗಳ ಮೇಲೆ ಕುರ್ಚಿಯ ಕಾಲಿಟ್ಟು ಒಬ್ಬ ಕೂತ. ಬಲಕಿವಿ ಈಗ ಕೇಳುವುದಿಲ್ಲ. ಕೇರಿಯವರು ಬಾಗಿಲು ಮುರಿದು ಒಳಗೆ ಬಂದು ನನ್ನನ್ನು ಎಳೆದುಕೊಳ್ಳದಿದ್ದರೆ ಅಲ್ಲೇ ಮುಗಿದಿರುತ್ತಿತ್ತು. ನನ್ನ ಮೇಲಿನ ಪ್ರೀತಿಗಲ್ಲ, ಹೇಳಿಕೆಗೆ. ಬರೆದುಕೊಳ್ಳದೆ ಅಧಿಕಾರಿ ಹೊರಗೆ ಹೋಗಲಾಗದು ಅಂತ ಹೊಸ್ತಿಲ ಮೇಲೆ ಹೆಂಗಸರು ಕೂತುಬಿಟ್ಟರು. ಸಂಜೆ ತನಕ ಕೂತು ಬರೆಸಿದೆ. ಬಾಯಲ್ಲಿ ರಕ್ತ, ಉಗುಳುತ್ತಾ ಹೇಳಿದೆ.

ಮೀಸೆಯೂ ಒಳಗಿದ್ದಾನೆ, ಎರಡು ಕೋಣೆ ಆಚೆ. ಸಾಹೇಬರನ್ನು ಇನ್ನೂ ಮುಟ್ಟಿಲ್ಲ. ಆರೋಪಿಗಳ ಪಟ್ಟಿಯಲ್ಲಿ ಮೊದಲನೆಯವನು ನಾನು, ನಾನೇ ಹೇಳಿ ಬರೆಸಿದ್ದು. ಹೇಳಿಕೆ ವಾಪಸು ತೆಗೆದುಕೋ ಅಂತ ದಿನಾ ಬಂದು ಹೊಡೆಯುತ್ತಾರೆ. ಇಪ್ಪತ್ತೆಂಟಕ್ಕೆ ನ್ಯಾಯಾಲಯ.

ಇದನ್ನು ಅಮ್ಮನಿಗೆ ಓದಿ ಹೇಳು. ಏನೂ ಬಿಡಬೇಡ. ಕ್ಷಮಿಸು ಅಂತ ಬರೆಯುವುದಿಲ್ಲ, ಆ ಮಾತು ಬಹಳ ಸಣ್ಣದು.

 

ಮಾರ್ಚ್ 23

ತಮ್ಮಾ,

ಓದಿದೆ. ಏನೂ ಬಿಡಲಿಲ್ಲ. "ಮಗಾ" ಅಂತ ಕೂಗಿದ್ದು ನಿನಗೆ ಕೇಳಿಸಿತ್ತು ಅನ್ನುವ ಕಡೆ ಓದು ನಿಲ್ಲಿಸಿದೆ. "ಮುಂದೆ ಓದು" ಅಂದಳು.

ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹಾಲು ಕುಡಿಸಲು ಹೋದರೆ ಮುಖ ಆ ಕಡೆ. ಮೂರನೆಯ ದಿನ ನಾನೇ ಬಾಯಿ ಬಿಟ್ಟೆ. "ಅಮ್ಮಾ, ಕಂದೀಲು ಇಡಿ ಅಂತ ಇಲ್ಲಿ ಕೂತು ಬರೆದವಳು ನಾನು. ಆ ಶನಿವಾರ ನಿಮ್ಮ ಜೊತೆ ಬಂದು ಹೊಸ್ತಿಲಲ್ಲಿ ನಿಲ್ಲಬೇಕಿತ್ತು. ಗಿರಣಿಗೆ ರಜೆ ಸಿಗಲಿಲ್ಲ ಅಂದಿದ್ದೆನಲ್ಲ, ಕೇಳಿಯೇ ಇರಲಿಲ್ಲ. ಹೆದರಿದ್ದೆ" ಅಂದೆ. ನಿನಗೂ ಈಗ ಹೇಳುತ್ತಿದ್ದೇನೆ. ಟೇಲರ್ ಮಾವನ ಬಾಯಲ್ಲಿದ್ದ ಕಾಗದ ನನ್ನದು. ನಿನ್ನ ಮೇಲೆ ಕೂಗಾಡುವಾಗ ಅರ್ಧ ಕೂಗು ನನ್ನ ಮೇಲೇ ಇತ್ತು.

ಅಮ್ಮ ಈ ಕಡೆ ತಿರುಗಿದಳು. "ಇಬ್ಬರನ್ನೂ ಹೆತ್ತೆನಲ್ಲ" ಅಂದಳು. ಆಮೇಲೆ, "ಕೋರ್ಟು ಎಷ್ಟು ಗಂಟೆಗೆ?" ಅಂತ ಕೇಳಿದಳು.

ಬರುತ್ತಿದ್ದೇವೆ. ಹೇಳಿಕೆಯಿಂದ ಒಂದು ಅಕ್ಷರ ಹಿಂದೆ ತೆಗೆದುಕೊಳ್ಳಬೇಡ, ಹಲ್ಲು ಉದುರಿದರೂ. ಸಂಘದ ವಕೀಲರು ಕೇರಿಯ ಕಡೆಯಿಂದ ನಿಲ್ಲುತ್ತಾರೆ, ನಿನ್ನ ಕಡೆಯಿಂದ ಅಲ್ಲ, ತಿಳಿದುಕೋ. ಅಮ್ಮನಿಗೆ ಅವರು, "ಮಗನ ವಿಷಯ ಬಂದ್ರೆ ಗೊತ್ತಿಲ್ಲ ಅಂದ್ಬಿಡಮ್ಮ, ಶಿಕ್ಷೆ ಕಡಿಮೆ ಆಗುತ್ತೆ" ಅಂದರು. ಅವಳು ಬ್ಯಾಂಡೇಜಿನ ಎರಡೂ ಕೈ ಎತ್ತಿ ಅವರ ಮೇಜಿನ ಮೇಲಿಟ್ಟಳು.

"ಗೊತ್ತಿಲ್ಲ ಅನ್ನೋಕೆ ನನ್ನ ಮಗ ಇದ್ದ, ನಾನ್ಯಾಕೆ?" ಅಂದಳು. "ಬಾಗಿಲು ಯಾರಿಗೆ ಅಂತ ತೆಗೆದೆ, ಯಾರು ಬಂದರು, ಅವರಿಗೆ ಬೆಳಕು ಕೊಟ್ಟೋರು ಯಾರು, ಎಲ್ಲ ಹೇಳ್ತೀನಿ. ಮೀಸೆ ಎದುರು ಹೇಳ್ತೀನಿ, ಮಗನ ಎದುರೂ ಹೇಳ್ತೀನಿ. ಜೈಲಿಗೆ ಹೋಗ್ಲಿ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ."

ಇಪ್ಪತ್ತೆಂಟಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಮುಂದಿನ ಬೆಂಚಿನಲ್ಲಿ ಕೂತಿರುತ್ತೇವೆ. ಅವಳು ಹೇಳುವಾಗ ತಲೆ ತಗ್ಗಿಸಬೇಡ. ಅವಳಿಗೆ ನಿನ್ನ ಮುಖ ಕಾಣಬೇಕಂತೆ.

ಅಕ್ಕ